ಶಾಲೆಗೆ ದಿಢೀರ್ ರಜೆ ಬಂದಾಗ ಮಕ್ಕಳು, ಮೇಷ್ಟ್ರು, ಪೋಷಕರು ಒಟ್ಟಿಗಿರುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ರಾಜ್ಯದಲ್ಲಿ ಶಾಲೆ ಹೇಳದೆ ಕೇಳದೆ ಮುಚ್ಚುವುದು ಅಪರೂಪವೇನಲ್ಲ. ಜುಲೈ ಬಂತೆಂದರೆ ಕರಾವಳಿ, ಮಲೆನಾಡು, ಕೊಡಗಿನಲ್ಲಿ ಮಳೆ ರಜೆ ಇದ್ದದ್ದೇ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿಯಿತು. ಮರುವರ್ಷ ಅದೇ ತಿಂಗಳು ಬೆಳಗಾವಿ, ಬಾಗಲಕೋಟೆ ಕಡೆ ಹೊಳೆ ಊರೊಳಗೆ ನುಗ್ಗಿತು. 2020ರ ಮಾರ್ಚ್‌ನಲ್ಲಂತೂ ಎಲ್ಲ ಶಾಲೆಗಳಿಗೂ ಒಟ್ಟಿಗೇ ಬೀಗ ಬಿತ್ತು. ಒಂದರಿಂದ ಐದನೇ ಕ್ಲಾಸಿನ ಮಕ್ಕಳು ಮತ್ತೆ ಶಾಲೆಗೆ ಬಂದದ್ದು 2021ರ ಅಕ್ಟೋಬರ್ 25ಕ್ಕೆ. ಒಂದೂವರೆ ವರ್ಷಕ್ಕೂ ಜಾಸ್ತಿ. ಒಂದನೇ ಕ್ಲಾಸಿಗೆ ಸೇರಬೇಕಿದ್ದ ಮಗು ಶಾಲೆಯ ಬೆಂಚೇ ನೋಡದೆ ಎರಡನೇ ಕ್ಲಾಸಿಗೆ ಬಂತು.

ರಜೆ ಮೂರು ದಿನದ್ದಿರಲಿ, ಮೂರು ತಿಂಗಳದ್ದಿರಲಿ, ಮೊದಲು ಎಲ್ಲರ ತಲೆಗೆ ಬರುವುದು ಪಾಠ. ಸಿಲಬಸ್ ಮುಗಿಯೋದು ಹೇಗೆ, ಪರೀಕ್ಷೆ ಏನಾಗುತ್ತೆ ಅಂತ. ಈ ಕ್ರಮ ತಿರುಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಪ್ರತಿ ಮಗುವೂ ಎಲ್ಲಿದೆ, ಹೇಗಿದೆ ಅಂತ ಶಾಲೆಗೆ ಗೊತ್ತಿರಬೇಕು. ಮೇಷ್ಟ್ರು ನನ್ನ ಮರೆತಿಲ್ಲ ಅನ್ನುವುದು ಮಗುವಿಗೂ ಗೊತ್ತಿರಬೇಕು. ಇಷ್ಟಾದರೆ ಪಾಠ ಆಮೇಲೆ ಹಿಡಿಸುತ್ತದೆ. ಇದಾಗದಿದ್ದರೆ ಎಂಥ ಆನ್‌ಲೈನ್ ಕ್ಲಾಸೂ ಹಿಡಿಸುವುದಿಲ್ಲ.

ಹಳ್ಳಿಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಪೇಟೆಯ ಶಾಲೆಗೂ ಬಹುಪಾಲು ಹೊಂದುತ್ತದೆ.

ಹಂತ 1: ಮೊದಲ ದಿನ ಸುದ್ದಿ ಒಂದೇ ಕಡೆಯಿಂದ ಹೋಗಲಿ

ಮಳೆಗಾಲದಲ್ಲಿ ಜಿಲ್ಲಾಧಿಕಾರಿ ಹೆಸರಿನ ನಕಲಿ ರಜೆ ಆದೇಶಗಳು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವುದು ನಿಮಗೆ ಗೊತ್ತೇ ಇದೆ. ಹಳೇ ಆದೇಶದ ದಿನಾಂಕ ತಿದ್ದಿ ಹರಿಬಿಡುತ್ತಾರೆ. ಇನ್ನೊಂದು ಬಗೆಯ ಗಾಬರಿಯೂ ಇದೆ. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂತು. ಪೋಷಕರು ಟಿವಿ ನೋಡಿ ಎದ್ದೆವೋ ಬಿದ್ದೆವೋ ಎಂದು ಗೇಟಿನತ್ತ ಓಡಿದರು. ಆಮೇಲೆ ಅದು ಹುಸಿ ಎಂದು ಗೊತ್ತಾಯಿತು. ಇಂಥ ಹೊತ್ತಲ್ಲಿ ಪೋಷಕರು ಯಾರ ಮಾತು ನಂಬಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿರಬೇಕು.

ಹೀಗೆ ಮಾಡಿ. ಮುಖ್ಯ ಶಿಕ್ಷಕರು ಅಥವಾ ಅವರು ಹೇಳಿದ ಒಬ್ಬ ಶಿಕ್ಷಕರು ಮಾತ್ರ ಸುದ್ದಿ ಹಾಕಲಿ. ಗ್ರೂಪಿನಲ್ಲಿ ಆ ದಿನದ ಮಟ್ಟಿಗೆ ಬೇರೆ ಯಾರೂ ಬರೆಯದಂತೆ ಸೆಟ್ಟಿಂಗ್ ಬದಲಿಸಿ. ಸುದ್ದಿಯಲ್ಲಿ ನಾಲ್ಕು ವಿಷಯ ಸಾಕು: ಯಾಕೆ ಮುಚ್ಚಿದೆ, ಎಲ್ಲಿಯವರೆಗೆ ಅಂತ ಈಗ ಗೊತ್ತಿದೆ, ಮುಂದಿನ ಸುದ್ದಿ ಯಾವಾಗ ಬರುತ್ತದೆ, ತೊಂದರೆ ಇದ್ದರೆ ಯಾರಿಗೆ ಫೋನ್ ಮಾಡಬೇಕು. ಉದಾಹರಣೆಗೆ:

"ನಮಸ್ಕಾರ. ಮಳೆ ಜಾಸ್ತಿ ಇರುವುದರಿಂದ ಡಿಸಿ ಆದೇಶದಂತೆ ನಾಳೆ, ನಾಡಿದ್ದು ಶಾಲೆ ಇಲ್ಲ. ನಾಡಿದ್ದು ಸಂಜೆ 7 ಗಂಟೆಗೆ ಮುಂದಿನ ವಿಷಯ ತಿಳಿಸುತ್ತೇವೆ. ಮಕ್ಕಳನ್ನು ಹಳ್ಳ, ಹೊಳೆ, ಕೆರೆ ಹತ್ತಿರ ಬಿಡಬೇಡಿ. ಏನೇ ತೊಂದರೆ ಇದ್ದರೂ ನನಗೆ ಫೋನ್ ಮಾಡಿ, ರಾತ್ರಿಯಾದರೂ ಪರವಾಗಿಲ್ಲ."

ಇದನ್ನು ಟೈಪ್ ಮಾಡಿ ಹಾಕಿ, ಜೊತೆಗೆ ಓದಿ ವಾಯ್ಸ್ ಕೂಡ ಹಾಕಿ. ಓದು ಬರಹ ಬಾರದ ಅಜ್ಜಿಗೆ ವಾಯ್ಸೇ ಬೇಕು. ಮೇಷ್ಟ್ರ ದನಿ ಕೇಳಿದರೆ ನಂಬಿಕೆಯೂ ಬರುತ್ತದೆ.

ಫೋನೇ ಇಲ್ಲದ ಮನೆಗಳಿಗೆ ಹಳ್ಳಿಯಲ್ಲಿ ಒಳ್ಳೆಯ ದಾರಿ ಹಾಲಿನ ಡೈರಿ. ಬೆಳಗ್ಗೆ, ಸಂಜೆ ಹಾಲು ಹಾಕಲು ಊರಿನ ಅರ್ಧ ಮನೆಯವರು ಅಲ್ಲಿಗೆ ಬರುತ್ತಾರೆ. ಒಂದು ಚೀಟಿ ಅಂಟಿಸಿ, ಡೈರಿ ಸೆಕ್ರೆಟರಿಗೆ ಬಾಯಲ್ಲೂ ಹೇಳಿ. ಪಂಚಾಯಿತಿಯ ಕಸದ ಗಾಡಿಯ ಮೈಕ್, ದೇವಸ್ಥಾನ, ಮಸೀದಿ, ಚರ್ಚಿನ ಮೈಕ್, ನ್ಯಾಯಬೆಲೆ ಅಂಗಡಿ ಕೂಡ ಆಗುತ್ತದೆ.

ಹಂತ 2: ಎಲ್ಲ ಮಕ್ಕಳ ಪಟ್ಟಿ ಒಂದು ಪುಸ್ತಕದಲ್ಲಿ

ಎರಡು ದಿನಕ್ಕಿಂತ ಜಾಸ್ತಿ ರಜೆ ಆಗುವ ಲಕ್ಷಣ ಕಂಡರೆ ಈ ಕೆಲಸ ಶುರು ಮಾಡಿ. ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್‌ನಲ್ಲಿ, ದಾಖಲಾತಿ ಪುಸ್ತಕದಲ್ಲಿ ಇರುವ ಫೋನ್ ನಂಬರ್‌ಗಳು ಹಲವು ಕಡೆ ಹಳೆಯವು. ಸಿಮ್ ಬದಲಾಗಿರುತ್ತದೆ, ಇಲ್ಲವೇ ನಂಬರ್ ಬೆಂಗಳೂರಿನಲ್ಲಿ ಕೂಲಿಗೆ ಹೋದ ಅಪ್ಪನದ್ದಾಗಿರುತ್ತದೆ. ಆದ್ದರಿಂದ 200 ಪುಟದ ಒಂದು ನೋಟ್‌ಬುಕ್ ತಗೊಂಡು ಗೆರೆ ಹಾಕಿ: ಮಗುವಿನ ಹೆಸರು, ಈಗ ಯಾರ ಜೊತೆ ಎಲ್ಲಿದೆ, ಹತ್ತಿರದ ಫೋನ್ ಯಾರದ್ದು (ಪಕ್ಕದ ಮನೆಯವರದ್ದಾದರೂ ಸರಿ), ಆ ಫೋನ್ ಯಾವ ಹೊತ್ತಿಗೆ ಮನೆಯಲ್ಲಿರುತ್ತದೆ, ಕೊನೆಯ ಸಲ ಮಾತಾಡಿದ್ದು ಯಾವತ್ತು, ಮನೆಯಲ್ಲಿ ಏನು ಕಷ್ಟ. ಮನೆ ಕಷ್ಟದ ಸಂಗತಿ ಊರಿಗೆಲ್ಲ ಗೊತ್ತಾಗಬಾರದು. ಪುಸ್ತಕ ಮುಖ್ಯ ಶಿಕ್ಷಕರ ಬಳಿಯೇ ಇರಲಿ.

ಮಕ್ಕಳನ್ನು ಹಂಚಿಕೊಳ್ಳಿ. ಒಬ್ಬೊಬ್ಬರಿಗೆ ಇಪ್ಪತ್ತು, ಇಪ್ಪತ್ತೈದು ಮಕ್ಕಳು. ಶಿಕ್ಷಕರು ಸಾಲದಿದ್ದರೆ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಅಂಗನವಾಡಿ ಕಾರ್ಯಕರ್ತೆ, ಬಿಸಿಯೂಟದ ಅಡುಗೆಯವರನ್ನು ಸೇರಿಸಿಕೊಳ್ಳಿ. ಅಡುಗೆಯವರನ್ನು ಬಿಡಲೇಬೇಡಿ. ಯಾವ ಮಗು ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತದೆ, ಯಾವ ಮಗು ತಮ್ಮನಿಗೂ ಕಟ್ಟಿಕೊಂಡು ಹೋಗುತ್ತದೆ ಅಂತ ಅವರಿಗೆ ಗೊತ್ತಿದ್ದಷ್ಟು ನಮಗೂ ಗೊತ್ತಿರುವುದಿಲ್ಲ.

ಕೆಲವು ಮಕ್ಕಳ ಹೆಸರಿನ ಮುಂದೆ ಗುರುತು ಹಾಕಿ: ಹಾಸ್ಟೆಲಿನಿಂದ ಊರಿಗೆ ಹೋದವರು, ಕಾಫಿ ತೋಟದ ಲೈನ್ ಮನೆಯ ಮಕ್ಕಳು, ಕಬ್ಬು ಕಡಿಯಲು ಅಥವಾ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಮನೆಯವರು, ಅಂಗವಿಕಲ ಮಕ್ಕಳು, ಅಜ್ಜ ಅಜ್ಜಿ ಮಾತ್ರ ಇರುವ ಮನೆ, ಏಳು ಎಂಟನೇ ಕ್ಲಾಸಿನ ಹೆಣ್ಣುಮಕ್ಕಳು. ಮೊದಲ ಫೋನ್ ಇವರಿಗೆ ಹೋಗಲಿ.

ಹಂತ 3: ಮೊದಲ ಫೋನ್

ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕಾದದ್ದು ಇದಕ್ಕೆ. "ಹೋಂವರ್ಕ್ ಮಾಡಿಸ್ತಾ ಇದ್ದೀರಾ?" ಅಂತ ಶುರು ಮಾಡಿದರೆ ಆ ಕಡೆಯವರು ಎರಡೇ ಮಾತಿಗೆ ಫೋನ್ ಇಡುತ್ತಾರೆ, ಮುಂದಿನ ಸಲ ಎತ್ತುವುದೂ ಇಲ್ಲ. ಮಳೆ ಜೋರಿರುವ ಒಂದು ವಾರದ ಫೋನ್ ಹೀಗಿರಬಹುದು:

"ಅಮ್ಮಾ, ನಮಸ್ಕಾರ. ನಾನು ಐದನೇ ಕ್ಲಾಸಿನ ಮೇಷ್ಟ್ರು. ಎಲ್ಲ ಹುಷಾರಾಗಿದ್ದೀರಾ? ಮನೆ ಸೋರ್ತಿಲ್ಲ ತಾನೇ?"

"ಅಯ್ಯೋ, ಸೋರ್ತಿದೆ ಮೇಷ್ಟ್ರೇ. ಅಡುಗೆಮನೆ ಕಡೆ ಟಾರ್ಪಾಲು ಹಾಕಿದೀವಿ. ಮೊನ್ನೆಯಿಂದ ಕರೆಂಟೂ ಇಲ್ಲ. ಫೋನು ಗಿರಣಿಯಲ್ಲಿ ಚಾರ್ಜ್ ಮಾಡಿಸ್ಕೊಂಡು ಬಂದ್ವಿ."

"ಹೌದಾ? ಪಂಚಾಯಿತಿ ಮೆಂಬರಿಗೆ ನಾನೂ ಒಂದು ಮಾತು ಹೇಳ್ತೀನಿ. ಮೊಮ್ಮಗಳು ಎಲ್ಲಿ? ಒಂಚೂರು ಫೋನ್ ಕೊಡಿ."

"ಸರ್…"

"ಏನ್ ಮಾಡ್ತಿದ್ದೆ ಪುಟ್ಟಾ?"

"ಸುಮ್ನೆ ಕೂತಿದ್ದೆ ಸರ್. ಸ್ಕೂಲ್ ಯಾವಾಗ ಸರ್?"

"ಅದಿನ್ನೂ ಗೊತ್ತಾಗಿಲ್ಲ. ಗೊತ್ತಾದ ತಕ್ಷಣ ನಿನಗೆ ಹೇಳ್ತೀನಿ. ನಿನ್ನ ಪಕ್ಕ ಕೂರ್ತಾಳಲ್ಲ, ಅವಳು ನಿನ್ನನ್ನ ಕೇಳ್ತಿದ್ಲು ಕಣೇ. ಏನಾದ್ರೂ ಹೇಳ್ಬೇಕಾ ಅವಳಿಗೆ?"

ಮೇಷ್ಟ್ರು ಇಲ್ಲಿ ಸುಳ್ಳು ಭರವಸೆ ಕೊಟ್ಟಿಲ್ಲ. "ಸೋಮವಾರ ಶುರುವಾಗುತ್ತೆ ಬಿಡು" ಅಂತ ಹೇಳಿ, ಸೋಮವಾರ ಶುರುವಾಗದಿದ್ದರೆ ಮಗು ಆಮೇಲೆ ನಮ್ಮ ಯಾವ ಮಾತನ್ನೂ ನಂಬುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದರು, ಆದರೆ ತಮ್ಮ ಕೈಯಲ್ಲಿರುವ ಒಂದಕ್ಕೆ ಮಾತು ಕೊಟ್ಟರು. ಗೆಳತಿಯ ವಿಷಯ ತಂದದ್ದು ಇನ್ನೂ ಒಳ್ಳೆಯದಾಯಿತು. ಮಕ್ಕಳಿಗೆ ಶಾಲೆ ಅಂದರೆ ಮುಕ್ಕಾಲು ಪಾಲು ಪಕ್ಕದಲ್ಲಿ ಕೂರುವವರು. ಆ ಸಂದೇಶವನ್ನು ಮರೆಯದೆ ಅದೇ ದಿನ ಮುಟ್ಟಿಸಿ.

ಫೋನ್ ಮೂರು ನಾಲ್ಕು ನಿಮಿಷ ಸಾಕು. ಸಂಜೆ ಏಳರಿಂದ ಎಂಟೂವರೆಯೊಳಗೆ ಮಾಡಿ. ಹಗಲು ಫೋನ್ ಅಪ್ಪನ ಜೊತೆ ಗದ್ದೆಯಲ್ಲೋ ಕೆಲಸದಲ್ಲೋ ಇರುತ್ತದೆ. ಪ್ರತಿ ಮಗುವಿಗೂ ವಾರಕ್ಕೆ ಒಂದು ಫೋನ್, ಗುರುತು ಹಾಕಿದ ಮಕ್ಕಳಿಗೆ ಎರಡು. ಎರಡು ಸಲ ಮಾಡಿಯೂ ಸಿಗದಿದ್ದರೆ ಯಾರಾದರೂ ಮನೆಗೆ ಹೋಗಿ ನೋಡಿ ಬರಬೇಕು.

ಹಂತ 4: ದಿನಕ್ಕೊಂದು ಚಿಕ್ಕ ವಾಡಿಕೆ

ಶಾಲೆ ನಿಂತಾಗ ಮಗುವಿಗೆ ಮೊದಲು ತಪ್ಪುವುದು ದಿನದ ಕ್ರಮ. ಪ್ರಾರ್ಥನೆ, ಹಾಜರಿ, ಊಟದ ಗಂಟೆ ಯಾವುದೂ ಇಲ್ಲ. ಎಲ್ಲವನ್ನೂ ಮನೆಗೆ ತರಲು ಹೋಗಬೇಡಿ. ದಿನಾ ಒಂದೇ ಹೊತ್ತಿಗೆ ಬರುವ ಒಂದೇ ಒಂದು ವಿಷಯ ಸಾಕು. ಉದಾಹರಣೆಗೆ ಸಂಜೆ 7ಕ್ಕೆ ಎರಡು ನಿಮಿಷದ ವಾಯ್ಸ್: ಐದು ಮಕ್ಕಳ ಹೆಸರು ಕರೆದು ಒಂದು ಮಾತು, ಒಂದು ಒಗಟು ಅಥವಾ ಕತೆಯ ತುಣುಕು, ನಾಳೆಗೊಂದು ಪ್ರಶ್ನೆ. ವಾರದಲ್ಲಿ ಎಲ್ಲರ ಹೆಸರೂ ಬರುವ ಹಾಗೆ ನೋಡಿಕೊಳ್ಳಿ. ಹೆಸರು ಬಂದ ದಿನ ಮಗು ಆ ವಾಯ್ಸನ್ನು ಮನೆಯವರಿಗೆಲ್ಲ ಕೇಳಿಸುತ್ತದೆ. ಹುಟ್ಟಿದ ದಿನ ಇದ್ದವರ ಹೆಸರು ತಪ್ಪಿಸಲೇಬೇಡಿ. ವಿಡಿಯೋ ಬೇಡ. ಸಿಗ್ನಲ್ ಸಿಗದ ಊರಲ್ಲಿ ಅದು ತೆರೆಯುವುದೇ ಇಲ್ಲ, ಡೇಟಾ ಖಾಲಿಯಾದರೆ ಮನೆಯಲ್ಲಿ ಬೈಗುಳ ಬೇರೆ.

ಪ್ರಶ್ನೆ ಪುಸ್ತಕದಿಂದ ಆಚೆಯದ್ದಿರಲಿ. ಅಜ್ಜಿಯ ಕಾಲದಲ್ಲಿ ನೆರೆ ಬಂದಾಗ ಏನು ಮಾಡುತ್ತಿದ್ದರು? ಇವತ್ತು ಮನೆಯಲ್ಲಿ ಯಾವ ಸೊಪ್ಪಿನ ಸಾರು?

ಮಳೆ ರಜೆಗೆ ನನಗೆ ತುಂಬಾ ಇಷ್ಟದ ಕೆಲಸ ಒಂದಿದೆ. ಮಳೆ ಅಳೆಯುವುದು. ಕೆಳಗಿನಿಂದ ಮೇಲಿನವರೆಗೆ ಒಂದೇ ಅಗಲ ಇರುವ, ತಳ ಚಪ್ಪಟೆಯಾದ ಡಬ್ಬಿ ಬೇಕು. ಅದನ್ನು ಮಾಡಿನ ನೀರು, ಮರದ ಹನಿ ಬೀಳದ ಬಯಲಲ್ಲಿ, ಅಂಗಳದಲ್ಲೇ, ಗಾಳಿಗೆ ಉರುಳದಂತೆ ಕಲ್ಲು ಒತ್ತುಕೊಟ್ಟು ಇಡಿ. ಬೆಳಗ್ಗೆ 8.30ಕ್ಕೆ ಸ್ಕೇಲ್ ಇಳಿಸಿ ನೀರಿನ ಎತ್ತರ ನೋಡಿ, ಬರೆದುಕೊಂಡು ಚೆಲ್ಲಿ. ಹವಾಮಾನ ಇಲಾಖೆಯೂ ದಿನದ ಮಳೆಯನ್ನು ಬೆಳಗ್ಗೆ 8.30ಕ್ಕೇ ಲೆಕ್ಕ ಹಾಕುತ್ತದೆ. ದಿನಕ್ಕೆ 64.5 ಮಿ.ಮೀ. ಮುಟ್ಟಿದರೆ ಅದು ಇಲಾಖೆಯ ಲೆಕ್ಕದಲ್ಲಿ ಭಾರೀ ಮಳೆ, 204.4 ದಾಟಿದರೆ ಅತ್ಯಂತ ಭಾರೀ. ಒಂದು ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಹಾಗಾದರೆ ನಿಮ್ಮ ಮನೆ ಮಾಡಿನ ಮೇಲೆ ಇವತ್ತು ಎಷ್ಟು ಕೊಡ ನೀರು ಬಿತ್ತು? ಆರನೇ ಕ್ಲಾಸಿನ ಮಗುವಿಗೆ ಇಷ್ಟು ಗಣಿತ ಸಾಕು. ಮೇಲಿನ ಕೇರಿ, ಕೆಳಗಿನ ಕೇರಿ, ಗುಡ್ಡದಾಚೆಯ ಮಕ್ಕಳು ತಂತಮ್ಮ ಅಳತೆ ಕಳಿಸಿದಾಗ ಒಂದೇ ಊರಲ್ಲಿ ಮಳೆ ಹೇಗೆ ಬೇರೆ ಬೇರೆ ಅಂತ ಕಾಣುತ್ತದೆ. ಮಕ್ಕಳನ್ನು ಮನೆಯಲ್ಲಿ ಕೂಡಿಹಾಕಿದ ಮಳೆಯೇ ಅವರಿಗೆ ಮಾತಾಡಿಕೊಳ್ಳಲು ವಿಷಯ ಆಗುತ್ತದೆ, ಚೆನ್ನಾಗಿರುತ್ತೆ ಅಲ್ವಾ?

ಹಂತ 5: ಫೋನ್ ಇಲ್ಲದವರ ಹತ್ತಿರ ಕಾಲ್ನಡಿಗೆಯಲ್ಲಿ

ಕೊರೊನಾ ಕಾಲದಲ್ಲಿ ಶಿಕ್ಷಣ ಇಲಾಖೆ 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಶುರು ಮಾಡಿತು. ಶಿಕ್ಷಕರೇ ಊರೂರಿಗೆ ಹೋಗಿ ಜಗಲಿ, ದೇವಸ್ಥಾನದ ಅಂಗಳ, ಅರಳಿಕಟ್ಟೆ, ಸಮುದಾಯ ಭವನದಲ್ಲಿ ಚಿಕ್ಕ ಗುಂಪುಗಳಿಗೆ ಕಲಿಸಿದರು. ಸೋಂಕು ಹರಡಿದ್ದರಿಂದ ಅದೇ ಅಕ್ಟೋಬರ್‌ನಲ್ಲಿ ನಿಲ್ಲಿಸಬೇಕಾಯಿತು. ಅದಕ್ಕೂ ಮುಂಚೆ, ಜುಲೈನಲ್ಲಿ, ಎಂಟರಿಂದ ಹತ್ತನೇ ಕ್ಲಾಸಿನವರಿಗೆ ಚಂದನ ವಾಹಿನಿಯಲ್ಲಿ ಸಂವೇದ ಪಾಠ ಬರತೊಡಗಿತು. ಎರಡರಿಂದಲೂ ಕಲಿಯಬೇಕಾದದ್ದಿದೆ: ಟಿವಿ ದೂರ ತಲುಪುತ್ತದೆ, ಆದರೆ ಮಗುವಿನ ಮುಖ ನೋಡುವುದಿಲ್ಲ. ಜಗಲಿ ಮುಖ ನೋಡುತ್ತದೆ, ಆದರೆ ಸೇರುವುದರಲ್ಲಿ ಅಪಾಯ ಇದ್ದರೆ ಅದು ಆಗುವುದಿಲ್ಲ.

ಆದ್ದರಿಂದ ಮೊದಲು ಕೇಳಿಕೊಳ್ಳಿ: ಮಕ್ಕಳು ಒಂದೆಡೆ ಸೇರುವುದು ಸುರಕ್ಷಿತವೇ? ಸೋಂಕಿದ್ದರೆ, ದಾರಿಯಲ್ಲಿ ಹಳ್ಳ ತುಂಬಿದ್ದರೆ, ಕಾಲುಸಂಕ ದಾಟಬೇಕಿದ್ದರೆ ಬೇಡವೇ ಬೇಡ. ಸುರಕ್ಷಿತ ಅಂತ ಖಾತ್ರಿಯಾದರೆ ಕೇರಿಗೊಂದು ಗುಂಪು, ಐದಾರು ಮಕ್ಕಳು, ಒಂದು ಗಂಟೆ. ಪಿಯುಸಿ ಅಥವಾ ಡಿಗ್ರಿ ಓದುವ ಅಕ್ಕ ಅಣ್ಣಂದಿರು ಪ್ರತಿ ಕೇರಿಯಲ್ಲೂ ಸಿಗುತ್ತಾರೆ, ಅವರನ್ನು ಕೇಳಿ.

ಸೇರಲು ಆಗದಿದ್ದರೆ ತಿರುಗುವ ಪುಸ್ತಕ ಮಾಡಿ. ಒಂದು ನೋಟ್‌ಬುಕ್, ಪ್ಲಾಸ್ಟಿಕ್ ಕವರಿನಲ್ಲಿ. ಒಂದು ಮಗು ಒಂದು ಪುಟ ಬರೆದು ಅಥವಾ ಚಿತ್ರ ಬಿಡಿಸಿ ಪಕ್ಕದ ಮನೆಯ ಮಗುವಿಗೆ ಕೊಡುತ್ತದೆ. ಕೇರಿ ಸುತ್ತಿ ಬಂದ ಮೇಲೆ ಮೇಷ್ಟ್ರು ಪ್ರತಿ ಪುಟಕ್ಕೂ ಎರಡು ಸಾಲು ಉತ್ತರ ಬರೆದು ವಾಪಸ್ ಕಳಿಸಬೇಕು. ಕೆಂಪು ಪೆನ್ನು ಬೇಡ. ತಪ್ಪು ತಿದ್ದುವ ಹೊತ್ತು ಇದಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನೂ ನೆನಪಿಡಿ. 2020ರಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿತು. ಮೇಲ್ವಿಚಾರಕರ ಹತ್ತಿರ ಮಾತಾಡಿದರೆ ಕೇರಿಗೆ ಹತ್ತಿಪ್ಪತ್ತು ಪುಸ್ತಕದ ಚೀಲ ಕಳಿಸಲು ಅವರು ದಾರಿ ಹುಡುಕುತ್ತಾರೆ.

ಹಂತ 6: ಊಟ, ಮದುವೆ, ಕೂಲಿ

ಇಲ್ಲಿ ಮುಲಾಜು ಬೇಡ. ಶಾಲೆ ಮುಚ್ಚಿದರೆ ಮಧ್ಯಾಹ್ನದ ಬಿಸಿಯೂಟವೂ ಮುಚ್ಚಿತು. ಬಿಸಿಯೂಟದ ಲೆಕ್ಕದಲ್ಲಿ ಐದನೇ ಕ್ಲಾಸಿನವರೆಗೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟಕ್ಕೆ 150 ಗ್ರಾಂ ಧಾನ್ಯ ಇದೆ. ಕೊರೊನಾ ಕಾಲದಲ್ಲಿ ಇದನ್ನು ಅಕ್ಕಿ, ಬೇಳೆಯಾಗಿ ಮನೆಗಳಿಗೆ ಕೊಟ್ಟರು. ರಜೆ ಉದ್ದವಾದರೆ ಎಸ್‌ಡಿಎಂಸಿಯಿಂದ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆದು ಕೇಳಿ. ಹಂಚುವ ದಿನ ಪೋಷಕರೆಲ್ಲ ಬರುತ್ತಾರೆ, ಪಟ್ಟಿಯ ಪುಸ್ತಕ ಜೊತೆಗಿಟ್ಟುಕೊಂಡು ಒಬ್ಬೊಬ್ಬರ ಹತ್ತಿರವೂ ಎರಡು ಮಾತಾಡಿ.

ಉದ್ದ ರಜೆಯಲ್ಲಿ ಹುಡುಗರು ಗ್ಯಾರೇಜಿಗೆ, ಹೋಟೆಲಿಗೆ, ಇಟ್ಟಿಗೆ ಗೂಡಿಗೆ ಹೋಗತೊಡಗುತ್ತಾರೆ. ಹುಡುಗಿಯರಿಗೆ ಗಂಡು ನೋಡತೊಡಗುತ್ತಾರೆ. "ನೆಂಟರ ಮನೆಗೆ ಹೋಗಿದ್ದಾಳೆ" ಅಂತ ಎರಡು ಸಲ ಕೇಳಿದರೆ ಸುಮ್ಮನೆ ಬಿಡಬೇಡಿ. 18 ತುಂಬದ ಹುಡುಗಿಯ ಮದುವೆ ಅಪರಾಧ ಮಾತ್ರವಲ್ಲ, ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆಗೆ ಬೆಲೆಯೇ ಇಲ್ಲ. ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಈ ನಂಬರನ್ನು ಮಕ್ಕಳಿಗೇ ಬಾಯಿಪಾಠ ಮಾಡಿಸಿ. ತುರ್ತಿಗೆ 112, ನೆರೆ, ಗುಡ್ಡ ಕುಸಿತದಂಥ ಹೊತ್ತಲ್ಲಿ ಜಿಲ್ಲಾಡಳಿತದ 1077.

ಮನಸ್ಸು ಕುಗ್ಗಿದವರಿಗೆ ಟೆಲಿ ಮಾನಸ್ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಇದು ಶಿಕ್ಷಕರಿಗೂ ಅನ್ವಯ. ಖಾಸಗಿ ಶಾಲೆಗಳ ಎಷ್ಟೋ ಶಿಕ್ಷಕರು ಕೊರೊನಾ ಕಾಲದಲ್ಲಿ ಸಂಬಳವಿಲ್ಲದೆ ತರಕಾರಿ ಮಾರಿದರು, ಕೂಲಿಗೆ ಹೋದರು. ವಾರಕ್ಕೊಮ್ಮೆ ಶಿಕ್ಷಕರಷ್ಟೇ ಅರ್ಧ ಗಂಟೆ ಮಾತಾಡಿಕೊಳ್ಳಿ. ಆವತ್ತು ವರದಿ, ಅಂಕಿಅಂಶ ಏನೂ ಬೇಡ.

ಹಂತ 7: ಶಾಲೆಯೇ ಕಾಳಜಿ ಕೇಂದ್ರವಾದರೆ

ನೆರೆ ಬಂದಾಗ ಊರಿಗೆ ಮೊದಲು ನೆನಪಾಗುವುದು ಶಾಲೆಯ ಕಟ್ಟಡ. ಮನೆ ಬಿಟ್ಟು ಬಂದವರು ಉಳಿಯುವ ಕಾಳಜಿ ಕೇಂದ್ರ ಅಲ್ಲೇ ಆಗುತ್ತದೆ. ನೀರು ಬರುವ ಮುನ್ಸೂಚನೆ ಇದ್ದರೆ ದಾಖಲಾತಿ ಪುಸ್ತಕ, ಟಿಸಿ ಪುಸ್ತಕ, ಹಾಜರಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎತ್ತರಕ್ಕೆ ಸಾಗಿಸಿ, ಮುಖ್ಯ ಪುಟಗಳ ಫೋಟೋ ತೆಗೆದಿಡಿ. ಕೇಂದ್ರದಲ್ಲಿ ಒಂದು ಮೂಲೆಯನ್ನು ಮಕ್ಕಳಿಗೆ ಬಿಡಿಸಿಕೊಡಿ ಎಂದು ತಹಶೀಲ್ದಾರ್ ಕಚೇರಿಯವರನ್ನು ಕೇಳಿ. ಒಂದು ಚಾಪೆ, ಸ್ಲೇಟು, ಬಳಪ, ಕೇರಂ ಬೋರ್ಡ್ ಸಾಕು. ದೊಡ್ಡವರು ಪರಿಹಾರದ ಅರ್ಜಿ ಹಿಡಿದು ಓಡಾಡುವಾಗ ಮಕ್ಕಳಿಗೆ ತಮ್ಮದೇ ಶಾಲೆಯಲ್ಲಿ ತಮ್ಮದೇ ಒಂದು ಜಾಗ ಇರುತ್ತದೆ. ಪುಸ್ತಕ, ಸಮವಸ್ತ್ರ, ಶೂ ಕಳೆದುಕೊಂಡವರ ಪಟ್ಟಿಯನ್ನು ಅಲ್ಲೇ ಮಾಡಿ ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೊಡಿ. ತಡ ಮಾಡಿದಷ್ಟೂ ಹೊಸ ಪುಸ್ತಕ ತಡವಾಗುತ್ತದೆ.

ಹಳೆ ವಿದ್ಯಾರ್ಥಿಗಳಿಗೂ ಇದೇ ಹೊತ್ತಲ್ಲಿ ಹೇಳಿ ಕಳಿಸಿ. ಬೆಂಗಳೂರಲ್ಲೋ ಮುಂಬೈಯಲ್ಲೋ ದುಬೈಯಲ್ಲೋ ಇರುವವರಿಗೆ ಊರ ಶಾಲೆ ಅಂದರೆ ಕರುಳಿನ ವಿಷಯ. ಸುಮ್ಮನೆ "ಸಹಾಯ ಮಾಡಿ" ಅನ್ನಬೇಡಿ, "ನಾಲ್ಕನೇ ಕ್ಲಾಸಿನವರಿಗೆ ಬ್ಯಾಗು, ನೋಟ್‌ಬುಕ್ ಬೇಕು" ಅಂತ ಬಿಡಿಸಿ ಹೇಳಿ. ಬಂದದ್ದಕ್ಕೆ ಲೆಕ್ಕ ಇಟ್ಟು ಎಲ್ಲರಿಗೂ ಕಾಣುವಂತೆ ಹಾಕಿ.

ಹಂತ 8: ಮತ್ತೆ ಗಂಟೆ ಬಾರಿಸುವ ಮುಂಚೆ, ಆಮೇಲೆ

ಹಿಂದಿನ ದಿನ ಎಸ್‌ಡಿಎಂಸಿಯವರು ಮತ್ತು ಪೋಷಕರು ಸೇರಿ ಕಟ್ಟಡ ನೋಡಿ: ಗೋಡೆ ನೆನೆದು ಉಬ್ಬಿದೆಯಾ, ಹೆಂಚು ಜಾರಿದೆಯಾ, ಸ್ವಿಚ್ ಬೋರ್ಡಿಗೆ ನೀರು ಹೋಗಿದೆಯಾ, ಬೆಂಚಿನ ಕೆಳಗೆ, ಕಟ್ಟಿಗೆ ರಾಶಿಯಲ್ಲಿ ಹಾವಿದೆಯಾ. ನೀರಿನ ಟ್ಯಾಂಕ್ ತೊಳೆಸದೆ ಮಕ್ಕಳಿಗೆ ನೀರು ಕುಡಿಸಬೇಡಿ. ಗೋಡೆಯ ಬಗ್ಗೆ ಅನುಮಾನ ಇದ್ದರೆ ಆ ಕೊಠಡಿಗೆ ಬೀಗ ಹಾಕಿ, ಇಂಜಿನಿಯರ್ ನೋಡುವವರೆಗೆ ತೆಗೆಯಬೇಡಿ.

ಮೊದಲ ದಿನ ಪರೀಕ್ಷೆ ಇಡಬೇಡಿ, ನೋಟ್‌ಬುಕ್ ಕೇಳಬೇಡಿ. ಆಟ, ಮಾತು, ಹಾಡು. ಬಿಸಿಯೂಟಕ್ಕೆ ಒಂದು ಪಾಯಸ ಆದರೆ ಇನ್ನೂ ಒಳ್ಳೆಯದು. ತಿರುಗುವ ಪುಸ್ತಕದಲ್ಲಿ ಬರೆದ ಪುಟಗಳನ್ನೆಲ್ಲ ಗೋಡೆಗೆ ಅಂಟಿಸಿ, ಮಕ್ಕಳೇ ಓದಿಕೊಳ್ಳಲಿ. ಪಾಠ ಹಿಂದೆ ಬಿದ್ದದ್ದನ್ನು ಸರಿಮಾಡಲು ಸಮಯ ಬೇಕು. ಕೊರೊನಾ ಆದ ಮೇಲೆ ಇಲಾಖೆಯೇ 2022-23ರ ಇಡೀ ವರ್ಷವನ್ನು ಕಲಿಕಾ ಚೇತರಿಕೆಗೆ ಇಟ್ಟಿತು, ಹಿಂದಿನ ಕ್ಲಾಸುಗಳದ್ದನ್ನು ಮತ್ತೆ ಕಲಿಸಿತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದರವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕು. ಹಾಗಾಗಿ ಮಳೆ ರಜೆ ಆದ ಮೇಲೆ ಶನಿವಾರ ಮಧ್ಯಾಹ್ನವೂ ಕ್ಲಾಸ್ ಇರುತ್ತದೆ. ಅದರಲ್ಲಿ ಅರ್ಧ ಗಂಟೆಯಾದರೂ ಕತೆಗೆ, ಆಟಕ್ಕೆ ಉಳಿಸಿ.

ಇನ್ನು ಬಾರದವರು. ಶಾಲೆ ತೆರೆದ ಮೂರನೇ ದಿನ ಪಟ್ಟಿಯ ಪುಸ್ತಕ ತೆಗೆದು ಹಾಜರಿಯ ಪಕ್ಕದಲ್ಲಿಟ್ಟು ನೋಡಿ. ಬಾರದ ಪ್ರತಿ ಮಗುವಿನ ಮನೆಗೂ ಆ ವಾರದೊಳಗೆ ಹೋಗಬೇಕು. ಒಬ್ಬ ಶಿಕ್ಷಕರು, ಒಬ್ಬ ಎಸ್‌ಡಿಎಂಸಿ ಸದಸ್ಯರು, ಸಾಧ್ಯವಾದರೆ ಆ ಮಗುವಿನ ಒಬ್ಬ ಗೆಳೆಯ ಅಥವಾ ಗೆಳತಿ. ಮನೆಯವರ ಜೊತೆ ಮಾತು ನಾವಾಡೋಣ, ಆದರೆ "ನಾಳೆ ಬರ್ತೀಯಲ್ಲ?" ಅಂತ ಗೆಳತಿಯೇ ಕೇಳಲಿ. ಗುಳೆ ಹೋಗಿದ್ದರೆ ಅಲ್ಲಿನ ಹತ್ತಿರದ ಶಾಲೆ ಯಾವುದು ಅಂತ ವಿಚಾರಿಸಿ, ಅಲ್ಲಿಯ ಮುಖ್ಯ ಶಿಕ್ಷಕರಿಗೆ ನೀವೇ ಫೋನ್ ಮಾಡಿ ಸೇರಿಸಿ. ಟಿಸಿ ಇಲ್ಲ ಅಂತ ಎಂಟನೇ ಕ್ಲಾಸಿನವರೆಗೆ ಯಾವ ಸರ್ಕಾರಿ ಶಾಲೆಯೂ ಮಗುವನ್ನು ಹೊರಗಿಡುವಂತಿಲ್ಲ.

ಪುಸ್ತಕವನ್ನು ಬೀರುವಿನ ಒಳಗೆ ಹಾಕಿಬಿಡಬೇಡಿ. ಪ್ರತಿ ಜೂನ್‌ನಲ್ಲಿ ದಾಖಲಾತಿ ನಡೆಯುವಾಗಲೇ ಹೊಸ ನಂಬರ್, ಪಕ್ಕದ ಮನೆಯವರ ನಂಬರ್, ಫೋನ್ ಮನೆಯಲ್ಲಿರುವ ಹೊತ್ತು ಎಲ್ಲವನ್ನೂ ಬರೆದುಕೊಂಡು, ಪೋಷಕರ ಎದುರಿಗೇ ಒಂದು ಸಲ ರಿಂಗ್ ಕೊಟ್ಟು ನೋಡಿ.